ಜೂನ್ 1ಕ್ಕೆ ಹುಟ್ಟಿದ ಹುಡುಗ

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯಗುರು. ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬನನ್ನು ಬೈಕ್ ಕಳ್ಳತನದ ಕೇಸಿನಲ್ಲಿ ಪೊಲೀಸರು ಹಿಡಿದಿದ್ದಾರೆ. ಜೊತೆಗೆ ಊರಿನ ಇಬ್ಬರು ದೊಡ್ಡ ಹುಡುಗರೂ ಇದ್ದಾರೆ. ಒಬ್ಬನಿಗೆ 22, ಇನ್ನೊಬ್ಬನಿಗೆ 24. ನಮ್ಮ ಹುಡುಗನ ಜನ್ಮ ದಿನಾಂಕ ರಿಜಿಸ್ಟರಿನಲ್ಲಿ ಜೂನ್ 1 ಎಂದಿದೆ. ಅದರ ಪ್ರಕಾರ ಘಟನೆಯ ದಿನ ಅವನಿಗೆ 16 ವರ್ಷ 5 ತಿಂಗಳು. ಪೊಲೀಸರು ವಯಸ್ಸಿನ ದಾಖಲೆ ಕೇಳಿದ್ದಾರೆ. ಹುಡುಗನ ಸೋದರಮಾವ ಬಂದು "ಒಂದ್ ವರ್ಸ ಕಮ್ಮಿ ಬರದು ಕೊಡ್ರಿ ಸರ್" ಎಂದು ಕೈ ಮುಗಿದರು. ಬೈಕಿನ ಮಾಲೀಕರ ಕಡೆಯವರು "ಅವಗ 19 ಆಗ್ಯಾವ, ಸುಳ್ಳು ದಾಖಲಿ ಕೊಡಬ್ಯಾಡ್ರಿ" ಎನ್ನುತ್ತಾರೆ. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಸಣ್ಣವರು ಅಂತ ಬಿಟ್ಟುಬಿಡ್ತಾರೆ, ಇಂಥ ಕಾನೂನು ಯಾರು ಮಾಡಿದ್ರು ಅಂತ. ನಾನೇನು ಮಾಡಬೇಕು? ಅವನ ಗತಿ ಏನು? ಮಾರ್ಚ್‌ನಲ್ಲಿ ಪರೀಕ್ಷೆ ಇದೆ.

ಉತ್ತರ:

ಸರ್, ರಿಜಿಸ್ಟರಿನಲ್ಲಿ ಏನಿದೆಯೋ ಅದನ್ನೇ ಬರೆದು ಕೊಡಿ. ಒಂದು ದಿನ ಕಮ್ಮಿ ಬೇಡ, ಒಂದು ದಿನ ಜಾಸ್ತಿ ಬೇಡ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಸೋದರಮಾವನನ್ನು ಕೂರಿಸಿಕೊಂಡು ಒಂದು ಮಾತು ಹೇಳಿ. ಅವರು ಕೇಳುತ್ತಿರುವ ಆ ಒಂದು ವರ್ಷದಿಂದ ಹುಡುಗನಿಗೆ ಏನೂ ಸಿಗುವುದಿಲ್ಲ. ಕಾನೂನಿನಲ್ಲಿ 16 ಎಂಬ ಒಂದು ಗೆರೆ ಇರುವುದು ನಿಜ, ಅದನ್ನು ದಾಟಿದ ಹುಡುಗನನ್ನು ದೊಡ್ಡವರ ಹಾಗೆ ವಿಚಾರಣೆಗೆ ಕಳಿಸಬಹುದು. ಯಾರೋ ಅದನ್ನು ಅವರ ಕಿವಿಗೆ ಹಾಕಿರಬೇಕು. ಆದರೆ ಆ ಗೆರೆ ಕೊಲೆ, ಅತ್ಯಾಚಾರದಂಥ, ಕನಿಷ್ಠ ಶಿಕ್ಷೆಯೇ 7 ವರ್ಷ ಇರುವ ಅಪರಾಧಗಳಿಗೆ ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆ. 18 ತುಂಬದವರ ಕೇಸುಗಳಿಗೆಂದೇ ಇರುವ ಬಾಲ ನ್ಯಾಯ ಕಾಯ್ದೆ ಇದನ್ನು ಸಣ್ಣ ಅಪರಾಧಗಳ ಸಾಲಿಗೆ ಸೇರಿಸುತ್ತದೆ. ಮನೆಯೊಳಗೆ ನುಗ್ಗಿ ಕದ್ದಿದ್ದರೆ ಶಿಕ್ಷೆ 7 ವರ್ಷದವರೆಗೆ ಹೋಗಬಹುದು, ಆಗ ಅದು ಗಂಭೀರ ಅಪರಾಧ. ಆಗಲೂ 16ರ ಗೆರೆ ನಡುವೆ ಬರುವುದಿಲ್ಲ. ಈ ಕೇಸಿನಲ್ಲಿ ಹುಡುಗನಿಗೆ 15 ಆದರೂ ಅಷ್ಟೇ, 17 ಆದರೂ ಅಷ್ಟೇ. 18 ತುಂಬಿರಲಿಲ್ಲ ಎಂಬುದೊಂದು ಗೊತ್ತಾದರೆ ಸಾಕು.

ಇನ್ನು ಅಂಕಿ ತಿದ್ದಿದರೆ ಏನಾಗುತ್ತದೆ? ವಿಚಾರಣೆಯಲ್ಲಿ ತಿದ್ದಿದ್ದು ಕಂಡರೆ ಆ ಪುಟವನ್ನೇ ಯಾರೂ ನಂಬುವುದಿಲ್ಲ. ಆಗ ನಿಜವಾದ 16 ವರ್ಷ 5 ತಿಂಗಳೂ ಕೈ ಬಿಟ್ಟು ಹೋಗುತ್ತದೆ. ಹುಡುಗನನ್ನು ಉಳಿಸಲು ಹೋಗಿ ಅವನ ಕೈಯಲ್ಲಿರುವ ಒಂದೇ ಒಂದು ಗಟ್ಟಿ ಕಾಗದವನ್ನು ಹರಿದು ಹಾಕಿದಂತೆ ಆಗುತ್ತದೆ. ನಿಮ್ಮ ನೌಕರಿಗೂ ಕುತ್ತು ಬರುತ್ತದೆ.

ಜೂನ್ 1ರ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಹಳೇ ರಿಜಿಸ್ಟರ್ ತೆರೆದರೆ ಅರ್ಧ ಊರು ಅದೇ ದಿನ ಹುಟ್ಟಿದ ಹಾಗೆ ಕಾಣುತ್ತದೆ, ಅಲ್ವಾ? ತಾಯಿ ಮಗುವಿನ ಕೈ ಹಿಡಿದು ಶಾಲೆಗೆ ಬರುತ್ತಾಳೆ. "ಯಾವಾಗ ಹುಟ್ಟ್ಯಾನವ್ವ?" ಎಂದು ಕೇಳಿದರೆ, "ತೊಗರಿ ರಾಶಿ ಟೈಮಿಗಿ ರೀ ಸರ್, ನಮ್ಮತ್ತಿ ಸತ್ತ ವರ್ಸ" ಎನ್ನುತ್ತಾಳೆ. ಮಾಸ್ತರು ಮಗುವಿನ ಮೈಕಟ್ಟು ನೋಡುತ್ತಾರೆ. ಒಂದನೇ ತರಗತಿಗೆ ವಯಸ್ಸು ಹೊಂದುವ ಹಾಗೆ ಲೆಕ್ಕ ಹಾಕುತ್ತಾರೆ. ಜೂನ್ 1 ಎಂದು ಬರೆಯುತ್ತಾರೆ. ಅದರಲ್ಲಿ ಮೋಸವೇನೂ ಇರಲಿಲ್ಲ. ಮಗು ಶಾಲೆಗೆ ಬರಲಿ ಎಂಬ ಆಸೆ ಇತ್ತು, ಅಷ್ಟೇ. ಹತ್ತು ವರ್ಷ ಕಳೆದ ಮೇಲೆ ಅದೇ ಸಾಲು ಒಬ್ಬ ಹುಡುಗನನ್ನು ಜೈಲಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತದೆ ಎಂದು ಆ ಮಾಸ್ತರಿಗೆ ಹೇಗೆ ಗೊತ್ತಾಗಬೇಕು?

ಆದರೆ ಅದೇ ತೀರ್ಮಾನ ಮಾಡುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಇದಕ್ಕೊಂದು ಕ್ರಮ ಹಾಕಿದೆ. ಮೊದಲು ಶಾಲೆ ಕೊಡುವ ಜನ್ಮ ದಿನಾಂಕದ ಪ್ರಮಾಣಪತ್ರ, ಇಲ್ಲವೇ ಹತ್ತನೇ ತರಗತಿಯ ಅಂಕಪಟ್ಟಿ. ಅವೆರಡೂ ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಆಸ್ಪತ್ರೆಯಲ್ಲಿ ಎಲುಬಿನ ಪರೀಕ್ಷೆ. ಬೈಕಿನ ಮಾಲೀಕರು "ಎಕ್ಸ್‌ರೇ ಮಾಡಿಸ್ರಿ, ಗೊತ್ತಾಗ್ತದ" ಎಂದು ಕೂಗಬಹುದು. ಶಾಲೆಯ ಪ್ರಮಾಣಪತ್ರ ಸರಿಯಾಗಿದ್ದರೆ ಎಕ್ಸ್‌ರೇಗೆ ಹೋಗುವ ಹಾಗಿಲ್ಲ. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಜಯಮಾಲಾ ಪ್ರಕರಣದಲ್ಲಿ ಹೇಳಿದೆ. 17ರ ಹುಡುಗ ಅದರಲ್ಲಿ 19 ಎಂದು ಕಂಡರೆ ಆಶ್ಚರ್ಯವಿಲ್ಲ. ಚಿಕ್ಕಂದಿನಿಂದ ಕಲ್ಲು ಹೊತ್ತ ಹುಡುಗರು ನೋಡಲಿಕ್ಕೂ ದೊಡ್ಡವರ ಹಾಗೆ ಕಾಣುತ್ತಾರೆ. ಶಹಾಬಾದಿನ ಕಲ್ಲಿನ ಗಣಿಗಳ ಕಡೆಯ ಮಕ್ಕಳನ್ನು ನೀವೂ ನೋಡಿದ್ದೀರಿ.

ಒಂದು ಎಚ್ಚರಿಕೆ ಇದೆ. ಟಿ.ಸಿ.ಯ ಜೆರಾಕ್ಸ್ ಕಳಿಸಿ ಕೈ ತೊಳೆದುಕೊಳ್ಳಬೇಡಿ. 94ನೇ ಕಲಂ ಕೇಳುವ ದಾಖಲೆ ಟಿ.ಸಿ. ಅಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜನ್ಮ ದಿನಾಂಕದ ಪ್ರಮಾಣಪತ್ರ ಎಂದೇ ಬರೆದು, ಸಹಿ, ಮೊಹರು ಹಾಕಿ ಕೊಡಿ. ಜೊತೆಗೆ ದಾಖಲಾತಿ ರಿಜಿಸ್ಟರಿನ ಆ ಪುಟದ ದೃಢೀಕೃತ ಪ್ರತಿ ಇರಲಿ. ನಿಮ್ಮ ಪ್ರೌಢಶಾಲೆಗೆ ಆ ದಿನಾಂಕ ಬಂದಿದ್ದು ಊರಿನ ಪ್ರಾಥಮಿಕ ಶಾಲೆಯಿಂದ. ಬೇರು ಅಲ್ಲಿದೆ. ಅಲ್ಲಿನ ಮುಖ್ಯಗುರುಗಳಿಗೂ ಇವತ್ತೇ ಫೋನ್ ಮಾಡಿ ಆ ಹಳೇ ರಿಜಿಸ್ಟರ್ ಎಲ್ಲಿದೆ ನೋಡಿ ಎಂದು ಹೇಳಿ. ಎಷ್ಟೋ ಶಾಲೆಗಳಲ್ಲಿ ಅದು ಮಳೆಗೆ ನೆನೆದೋ ಗೆದ್ದಲು ಹಿಡಿದೋ ಹೋಗಿರುತ್ತದೆ.

ನಾನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ನಾನು ಕಲಬುರಗಿಯಲ್ಲಿ ವಕೀಲಿ ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗನ ಕೇಸು ಬಂತು. ಹಿಡಿದವರು ಅವನ ಮುಖ ನೋಡಿ ವಯಸ್ಸು 19 ಎಂದು ಬರೆದುಕೊಂಡಿದ್ದರು. ಯಾರೂ ಮತ್ತೆ ಕೇಳಲಿಲ್ಲ. ಅಪ್ಪ ಅವ್ವ ಗುಳೆ ಹೋಗಿ ಪುಣೆಯ ಕಡೆ ಕಟ್ಟಡದ ಕೆಲಸದಲ್ಲಿದ್ದರು. ಮಗ ಹೀಗಾದ ಎಂದು ಅವರಿಗೆ ಗೊತ್ತಾಗುವುದಕ್ಕೇ ತಿಂಗಳಾಯಿತು. ಅವನು ದೊಡ್ಡವರ ಜೈಲಿನಲ್ಲಿ ಎಂಟು ತಿಂಗಳು ಇದ್ದ. ಕೊನೆಗೆ ಅವನು ನಾಲ್ಕನೇ ತರಗತಿವರೆಗೆ ಓದಿದ್ದ ಶಾಲೆಯ ಕಪಾಟಿನಲ್ಲಿ ಅವನ ಹೆಸರು ಸಿಕ್ಕಿತು. ಘಟನೆಯ ದಿನ ಅವನಿಗೆ 16 ಕೂಡ ಆಗಿರಲಿಲ್ಲ. ಹೊರಗೆ ಬಂದ ದಿನ ಅವನು ನನ್ನ ಮುಖ ನೋಡಲಿಲ್ಲ. ಅವ್ವನ ಮುಖವನ್ನೂ ನೋಡಲಿಲ್ಲ. ಆ ಎಂಟು ತಿಂಗಳಲ್ಲಿ ಅಲ್ಲಿ ಏನಾಯಿತು ಎಂದು ಅವನು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ನನ್ನ ಮುಂದೆ ಯಾವ ಹುಡುಗನ ಫೈಲು ಬಂದರೂ ನಾನು ಮೊದಲು ಕೇಳುವುದು, ಯಾವ ಶಾಲೆ ಅಪ್ಪ ನಿಂದು ಅಂತ.

ಈಗ ಊರಿನವರ ಪ್ರಶ್ನೆಗೆ ಬರೋಣ. ಈ ಕಾನೂನು ಯಾರು ಮಾಡಿದರು? ಅದು ನಿನ್ನೆ ಮೊನ್ನೆ ಬಂದಿದ್ದಲ್ಲ. ಮಗು ಎಂದರೆ ಎಷ್ಟು ವರ್ಷದವರೆಗೆ ಎಂದು ಈ ದೇಶದ ಕಾನೂನು ನೂರೆಪ್ಪತ್ತು ವರ್ಷದಿಂದ ಲೆಕ್ಕ ಹಾಕುತ್ತಲೇ ಇದೆ.

1850ರಲ್ಲಿ ಬ್ರಿಟಿಷರು ಅಪ್ರೆಂಟಿಸ್ ಕಾಯ್ದೆ ತಂದರು. 10ರಿಂದ 18 ವರ್ಷದೊಳಗಿನ, ಸಣ್ಣ ತಪ್ಪು ಮಾಡಿದ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕಸುಬುದಾರರ ಹತ್ತಿರ ಕೆಲಸ ಕಲಿಯಲು ಬಿಡುವುದು ಅದರ ವಿಚಾರ. 1860ರ ದಂಡ ಸಂಹಿತೆ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ ಎಂದಿತು. 7ರಿಂದ 12ರ ಮಗುವಿಗೆ ತಾನು ಮಾಡಿದ್ದು ಏನೆಂದು ತಿಳಿಯುವ ಬುದ್ಧಿ ಬಂದಿತ್ತೇ ಎಂದು ನೋಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲೂ ಈ ಎರಡು ಮಾತು ಹಾಗೇ ಇವೆ, 20 ಮತ್ತು 21ನೇ ಕಲಂಗಳಲ್ಲಿ. 1876ರಲ್ಲಿ, ಆಮೇಲೆ ತಿದ್ದಿ 1897ರಲ್ಲಿ, ಸುಧಾರಣಾ ಶಾಲೆಗಳ ಕಾಯ್ದೆ ಬಂತು. 15 ವರ್ಷದೊಳಗಿನ ಹುಡುಗರನ್ನು ಜೈಲಿನ ಬದಲು ಶಾಲೆಗೆ ಕಳಿಸಬಹುದು ಎಂದಾಯಿತು. ಅಮೆರಿಕದ ಶಿಕಾಗೋದಲ್ಲಿ ಮಕ್ಕಳಿಗೆಂದೇ ಮೊದಲ ನ್ಯಾಯಾಲಯ ಶುರುವಾದದ್ದು 1899ರಲ್ಲಿ. ಶಿಕ್ಷೆಗಿಂತ ತಿದ್ದುವುದು ಮುಖ್ಯ ಎಂಬ ವಿಚಾರ ಅಲ್ಲಿಂದ ಬೇರೆ ದೇಶಗಳಿಗೂ ಹೋಯಿತು. ನಮ್ಮಲ್ಲಿ 1919-20ರ ಜೈಲು ಸಮಿತಿ ಮಕ್ಕಳಿಗೆ ಬೇರೆ ಕೋರ್ಟು, ಬೇರೆ ಮನೆ ಬೇಕೇ ಬೇಕು ಎಂದು ಹೇಳಿತು. ಮದ್ರಾಸಿನಲ್ಲಿ 1920, ಬಂಗಾಳದಲ್ಲಿ 1922, ಮುಂಬೈಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳು ಬಂದವು.

ಇಲ್ಲಿ ನಮ್ಮ ಸೀಮೆಯ ಮಾತೊಂದಿದೆ. ಆಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ವಿಜಯಪುರ ಮುಂಬೈ ಪ್ರಾಂತ್ಯದಲ್ಲಿತ್ತು. ಅಫಜಲಪುರದ ಕಡೆ ಭೀಮಾ ನದಿಯ ದಡದಲ್ಲಿ ನಿಂತರೆ ಆಚೆ ದಡ ಒಂದು ರಾಜ್ಯ, ಈಚೆ ದಡ ಇನ್ನೊಂದು. ಮುಂಬೈಯ ಮಕ್ಕಳ ಕಾಯ್ದೆಗೆ ನದಿ ದಾಟುವ ಅಧಿಕಾರ ಇರಲಿಲ್ಲ. ಆಚೆ ದಡದವನಿಗೊಂದು ಕಾನೂನು, ಈಚೆ ದಡದವನಿಗೊಂದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಾವು ಈಗಿನ ಕರ್ನಾಟಕಕ್ಕೆ ಸೇರಿದೆವು. ಆದರೂ ದೇಶದ ತುಂಬ ಒಂದೇ ವಯಸ್ಸು, ಒಂದೇ ಕಾನೂನು ಬರಲಿಲ್ಲ. 1960ರ ಕೇಂದ್ರದ ಮಕ್ಕಳ ಕಾಯ್ದೆ ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ ಇತ್ತು. ರಾಜ್ಯಕ್ಕೊಂದು ಕಾಯ್ದೆ. ಕಾಗದದ ಮೇಲೆ ಕಾಯ್ದೆ ಇದ್ದರೂ ಎಷ್ಟೋ ಕಡೆ ಮಕ್ಕಳು ಜೈಲಿನಲ್ಲೇ ಇದ್ದರು.

ಅದನ್ನು ಹೊರಗೆ ತಂದವರು ಪತ್ರಕರ್ತೆ ಶೀಲಾ ಬರ್ಸೆ. ಜೈಲುಗಳಲ್ಲಿರುವ ಮಕ್ಕಳ ಬಗ್ಗೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ಕೋರ್ಟು, ಮಕ್ಕಳನ್ನು ಜೈಲಿನಲ್ಲಿ ಇಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿತು. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಮಕ್ಕಳ ಮೇಲಿನ ತನಿಖೆ ಮೂರು ತಿಂಗಳಲ್ಲಿ ಮುಗಿಯಬೇಕು ಎಂದಿತು. ಅದೇ ವರ್ಷ ಇಡೀ ದೇಶಕ್ಕೆ, ಜಮ್ಮು ಕಾಶ್ಮೀರ ಬಿಟ್ಟು, ಮೊದಲ ಬಾಲ ನ್ಯಾಯ ಕಾಯ್ದೆ ಬಂತು. ಅದರಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ 2000ದ ಕಾಯ್ದೆ ಇಬ್ಬರಿಗೂ 18 ಎಂದು ಮಾಡಿತು.

ಯಾವ ದಿನದ ವಯಸ್ಸು ನೋಡಬೇಕು ಎಂಬುದರ ಮೇಲೂ ಜಗಳ ನಡೆದಿದೆ. ತಪ್ಪು ನಡೆದ ದಿನದ್ದೋ, ಕೋರ್ಟಿನ ಮುಂದೆ ತಂದ ದಿನದ್ದೋ? 2000ದಲ್ಲಿ ಸುಪ್ರೀಂ ಕೋರ್ಟು ಅರ್ನಿತ್ ದಾಸ್ ಪ್ರಕರಣದಲ್ಲಿ ತಂದ ದಿನದ್ದು ಎಂದಿತ್ತು. ಹಾಗಾದರೆ ಪೊಲೀಸರು ಹಿಡಿಯಲು ತಡ ಮಾಡಿದಷ್ಟೂ ಹುಡುಗ ದೊಡ್ಡವನಾಗುತ್ತಾನೆ. 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಪ್ರತಾಪ್ ಸಿಂಗ್ ಪ್ರಕರಣದಲ್ಲಿ ಅದನ್ನು ಸರಿ ಮಾಡಿತು: ತಪ್ಪು ನಡೆದ ದಿನದ ವಯಸ್ಸೇ ಲೆಕ್ಕ. ಹಾಗಾಗಿ ನಿಮ್ಮ ಹುಡುಗನ ವಿಚಾರಣೆ ನಡೆಯುವಾಗ 18 ತುಂಬಿದರೂ ಚಿಂತೆಯಿಲ್ಲ. ಮಕ್ಕಳ ಕೇಸು ನಡೆಸುವ ಬಾಲ ನ್ಯಾಯ ಮಂಡಳಿ ಅವನನ್ನು ಮಗು ಎಂದೇ ನೋಡಬೇಕು.

2012ರ ಡಿಸೆಂಬರ್ 16ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆ ನಿಮಗೆ ನೆನಪಿದೆ. ಆರು ಜನರಲ್ಲಿ ಒಬ್ಬನಿಗೆ 18 ತುಂಬಲು ಕೆಲವು ತಿಂಗಳು ಬಾಕಿ ಇತ್ತು. ಅಲ್ಲಿಯೂ ತೀರ್ಮಾನವಾದದ್ದು ಶಾಲೆಯ ದಾಖಲೆಯ ಮೇಲೆಯೇ. 2013ರ ಜನವರಿಯಲ್ಲಿ ಮಂಡಳಿ ಅದನ್ನು ಒಪ್ಪಿಕೊಂಡಿತು. ಅವನು ಮೂರು ವರ್ಷ ವಿಶೇಷ ಗೃಹದಲ್ಲಿದ್ದು 2015ರ ಡಿಸೆಂಬರಿನಲ್ಲಿ ಹೊರಬಂದ. ದೇಶ ಉರಿಯಿತು. ಆ ತಾಯಿ ತಂದೆಯ ನೋವಿನ ಮುಂದೆ ನಾನು ಯಾವ ಕಲಮನ್ನೂ ಇಟ್ಟು ವಾದ ಮಾಡಲಾರೆ. ಆದರೆ ವಯಸ್ಸನ್ನು 16ಕ್ಕೆ ಇಳಿಸುವುದು ಬೇಡ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು. ಅದೇ ವರ್ಷ ಸಲೀಲ್ ಬಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ 18 ಅನ್ನು ಎತ್ತಿ ಹಿಡಿದಿತ್ತು. ಆದರೂ ಅವನು ಹೊರಬಂದ ಎರಡೇ ದಿನಕ್ಕೆ ರಾಜ್ಯಸಭೆ ಈಗಿನ 2015ರ ಬಾಲ ನ್ಯಾಯ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಅದು ಜಾರಿಯಲ್ಲಿದೆ.

ಸೋದರಮಾವನ ಕಿವಿಗೆ ಬಿದ್ದ ಆ 16ರ ಗೆರೆ ಬಂದದ್ದು ಇಲ್ಲಿಂದ. 16ರಿಂದ 18ರ ನಡುವಿನ ಮಗು ಘೋರ ಅಪರಾಧ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಇರುವಂಥದ್ದು, ಮಾಡಿದೆ ಎಂಬ ಆರೋಪ ಬಂದರೆ ಮಂಡಳಿ ಮೂರು ತಿಂಗಳೊಳಗೆ ಒಂದು ಪ್ರಾಥಮಿಕ ಅಂದಾಜು ಮಾಡುತ್ತದೆ. ಆ ಅಪರಾಧ ಮಾಡುವ ದೇಹಶಕ್ತಿ, ಮನಸ್ಸಿನ ಶಕ್ತಿ ಇತ್ತೇ, ಅದರ ಪರಿಣಾಮ ತಿಳಿದಿತ್ತೇ, ಯಾವ ಪರಿಸ್ಥಿತಿಯಲ್ಲಿ ಮಾಡಿತು ಎಂದು ನೋಡುತ್ತದೆ. ಬೇಕೆನಿಸಿದರೆ ದೊಡ್ಡವರ ಹಾಗೆ ವಿಚಾರಣೆಗೆಂದು ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತದೆ. ಅಲ್ಲಿ ತಪ್ಪು ಸಾಬೀತಾದರೂ 21 ತುಂಬುವವರೆಗೆ ಜೈಲಿಗೆ ಹಾಕುವ ಹಾಗಿಲ್ಲ, ಸುರಕ್ಷಿತ ಸ್ಥಳ ಎಂಬ ಬೇರೆ ಜಾಗದಲ್ಲಿ ಇಡಬೇಕು. ಗಲ್ಲು ಇಲ್ಲ. ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ನನಗೆ ಈ ಅಂದಾಜಿನ ಬಗ್ಗೆ ಇವತ್ತಿಗೂ ಸಮಾಧಾನವಿಲ್ಲ. ಒಂದು ವರ್ಷದ ಹಿಂದೆ ಒಂದು ರಾತ್ರಿ ಆ ಹುಡುಗನ ತಲೆಯಲ್ಲಿ ಏನಿತ್ತು ಎಂದು ಇವತ್ತು ಒಂದು ಕೋಣೆಯಲ್ಲಿ ಕೂತು ಅಳೆಯುವುದು ಹೇಗೆ? ಇದು ಬಹಳ ಸೂಕ್ಷ್ಮದ ಕೆಲಸ, ಮಂಡಳಿಯಲ್ಲಿ ಮನಃಶಾಸ್ತ್ರ ಬಲ್ಲವರು ಇಲ್ಲದಿದ್ದರೆ ಅಂಥವರ ಸಹಾಯ ತೆಗೆದುಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿತು. ಜಿಲ್ಲಾ ಕೇಂದ್ರದಲ್ಲಿ ಅಂಥವರನ್ನು ಹುಡುಕುವುದೇ ಕಷ್ಟ.

ನಮ್ಮ ಕಡೆ ಈ ಗೆರೆಗೆ ಸಿಕ್ಕಿಬೀಳುವವರಲ್ಲಿ ಪ್ರೀತಿ ಮಾಡಿ ಓಡಿಹೋದ ಹುಡುಗರೂ ಇದ್ದಾರೆ. ಹುಡುಗನಿಗೆ 17, ಹುಡುಗಿಗೆ 16. ಹುಡುಗಿಯ ಅಪ್ಪ ದೂರು ಕೊಡುತ್ತಾನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ ಪೋಕ್ಸೋ ಹಾಕಿದರೆ ದೈಹಿಕ ಸಂಬಂಧಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ. ಅಲ್ಲಿಗೆ ಅದು ಘೋರ ಅಪರಾಧ. ಕೊಲೆ ಮಾಡಿದವನೂ ಇವನೂ ಒಂದೇ ಬಾಗಿಲಲ್ಲಿ ನಿಲ್ಲುತ್ತಾರೆ. ನಿಮ್ಮ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿ ಸರ್. ಪ್ರೀತಿ ಮಾಡಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಕಾನೂನು ಎಲ್ಲಿ ಗೆರೆ ಹಾಕಿದೆ ಎಂದು ಹೇಳಿದರೆ ಕೇಳುತ್ತಾರೆ.

ನಿಮ್ಮ ಹುಡುಗನಿಗೆ ಮುಂದೇನು? ಹಿಡಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಅವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿ ಅವತ್ತು ಕೂರದಿದ್ದರೆ ಒಬ್ಬ ಸದಸ್ಯರ ಮುಂದೆ ತಂದರೂ ನಡೆಯುತ್ತದೆ. ಲಾಕಪ್ಪಿಗೆ ಹಾಕುವ ಹಾಗಿಲ್ಲ, ಬೇಡಿ ತೊಡಿಸುವ ಹಾಗಿಲ್ಲ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರಿರುತ್ತಾರೆ, ಮಾತಾಡುವುದಿದ್ದರೆ ಅವರ ಹತ್ತಿರ ಮಾತಾಡಿ. ಮಂಡಳಿಯಲ್ಲಿ ಮೂವರು. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಬೇಕು. ಕಟಕಟೆ ಇರುವುದಿಲ್ಲ. ಹುಡುಗನ ಜೊತೆ ಅವನ ಅವ್ವ ಅಪ್ಪ ಕೂತಿರಬಹುದು. ವಕೀಲರಿಗೆ ದುಡ್ಡಿಲ್ಲ ಎಂದು ಅವರು ಹೆದರುವುದು ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕು ಅವನಿಗಿದೆ.

ಜಾಮೀನು ಕೊಡುವುದೇ ಇಲ್ಲಿ ನಿಯಮ. ಬಾಲ ನ್ಯಾಯ ಕಾಯ್ದೆಯ 12ನೇ ಕಲಂ ಮೂರೇ ಮೂರು ಕಾರಣಕ್ಕೆ ಜಾಮೀನು ನಿಲ್ಲಿಸಬಹುದು ಎನ್ನುತ್ತದೆ: ಹೊರಗೆ ಬಿಟ್ಟರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಎನಿಸಿದರೆ, ಅವನಿಗೇ ಅಪಾಯ ಇದ್ದರೆ, ಇಲ್ಲವೇ ನ್ಯಾಯಕ್ಕೆ ಅಡ್ಡಿಯಾದರೆ. ನಿಮ್ಮ ಹುಡುಗನ ಕೇಸಿನಲ್ಲಿ ಮೊದಲನೇ ಮಾತು ಏಳಬಹುದು, ಏಕೆಂದರೆ ಆ ಇಬ್ಬರೂ ಅದೇ ಊರಿನವರು. ಅದಕ್ಕೇ ಅವ್ವ ಅಪ್ಪ ಮಂಡಳಿಯ ಮುಂದೆ ಒಂದು ದಾರಿ ಹೇಳಬೇಕು. ಪರೀಕ್ಷೆ ಮುಗಿಯುವವರೆಗೆ ಸೋದರಮಾವನ ಊರಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದೋ, ಹಾಸ್ಟೆಲ್‌ನಲ್ಲಿ ಬಿಡುತ್ತೇವೆ ಎಂದೋ ಹೇಳಿದರೆ ಮಂಡಳಿಗೂ ಧೈರ್ಯ ಬರುತ್ತದೆ. ವಯಸ್ಸು ತಿದ್ದಿಸಲು ಓಡಾಡುವ ಬದಲು ಸೋದರಮಾವ ಈ ಜವಾಬ್ದಾರಿ ತೆಗೆದುಕೊಂಡರೆ ಹುಡುಗನಿಗೆ ಎಷ್ಟೋ ಉಪಕಾರ. ಜಾಮೀನು ಸಿಗದಿದ್ದರೆ ಅವನು ವೀಕ್ಷಣಾಲಯದಲ್ಲಿ ಇರುತ್ತಾನೆ, ಜನ ರಿಮ್ಯಾಂಡ್ ಹೋಮ್ ಎನ್ನುವುದು ಅದಕ್ಕೇ. ಅಲ್ಲಿದ್ದರೂ ಅವನು ಪರೀಕ್ಷೆ ಬರೆಯಬಹುದು. ಮಂಡಳಿಗೆ ಅರ್ಜಿ ಕೊಟ್ಟು ಪೊಲೀಸರು ಮಫ್ತಿಯಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆತರುವಂತೆ ಕೇಳಬಹುದು.

ಹುಡುಗನ ಹಿನ್ನೆಲೆ ತಿಳಿದು ಮಂಡಳಿಗೆ ಹೇಳುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ನಿಮ್ಮ ಶಾಲೆಗೆ ಬರುತ್ತಾರೆ. ಮನೆಯಲ್ಲಿ ಕುಡಿತ ಇದೆಯೇ, ಹುಡುಗ ಕೆಲಸಕ್ಕೆ ಹೋಗುತ್ತಿದ್ದನೇ, ಓದು ಹೇಗೆ, ಯಾರ ಜೊತೆ ಓಡಾಟ ಎಂದೆಲ್ಲ ಕೇಳುತ್ತಾರೆ. 15 ದಿನದೊಳಗೆ ಅವರು ವರದಿ ಕೊಡಬೇಕು. ಆ ವರದಿಯಲ್ಲಿ ನಿಮ್ಮ ಮಾತಿಗೆ ತೂಕವಿದೆ. "ಹುಡುಗ ಒಳ್ಳೆಯವನು" ಎಂದು ಒಂದು ಸಾಲು ಹೇಳಿ ಕಳಿಸಬೇಡಿ. ಹಾಜರಿ ಯಾವ ತಿಂಗಳಿಂದ ಕಮ್ಮಿಯಾಯಿತು, ಆ ತಿಂಗಳು ಮನೆಯಲ್ಲಿ ಏನಾಗಿತ್ತು, ಗಣಿತದಲ್ಲಿ ಹೇಗಿದ್ದ, ಕಬಡ್ಡಿ ಆಡುತ್ತಿದ್ದನೇ ಎಂದು ಬಿಡಿಸಿ ಹೇಳಿ. ನಾನು ನೋಡಿದ ಎಷ್ಟೋ ವರದಿಗಳಲ್ಲಿ ಶಾಲೆಯ ಕಾಲಂ ಖಾಲಿ ಇರುತ್ತದೆ. ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಕಾರಣ ಬರೆದು ಇನ್ನೆರಡು ತಿಂಗಳು ಮುಂದೆ ಹಾಕಬಹುದು. ಸಣ್ಣ ಅಪರಾಧವಾದರೆ ಅಷ್ಟರಲ್ಲೂ ಮುಗಿಯದಿದ್ದರೆ ಕೇಸೇ ಮುಗಿದಂತೆ. ತಪ್ಪು ಮಾಡಿದ್ದು ನಿಜ ಎಂದು ಕಂಡರೂ ಬಿಟ್ಟುಬಿಡುತ್ತಾರೆ ಎಂಬುದು ಸುಳ್ಳು. ಬುದ್ಧಿ ಹೇಳಿ ಕಳಿಸಬಹುದು, ಆಪ್ತ ಸಮಾಲೋಚನೆಗೆ ಹಾಕಬಹುದು, ಸಮುದಾಯ ಸೇವೆ ಮಾಡಿಸಬಹುದು, ದಂಡ ಕಟ್ಟಿಸಬಹುದು, ತಂದೆ ತಾಯಿಯಿಂದ ಬಾಂಡ್ ಬರೆಸಿಕೊಂಡು ನಿಗಾದಲ್ಲಿ ಇಡಬಹುದು, ಮೂರು ವರ್ಷದವರೆಗೆ ವಿಶೇಷ ಗೃಹಕ್ಕೂ ಕಳಿಸಬಹುದು. ಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಅಲ್ಲಿಂದ ಮುಂದೆ ಹೈಕೋರ್ಟು. ಮೊದಲಾದರೆ ಅದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಒಂದು ರಾತ್ರಿ ರೈಲಿನ ಖರ್ಚು ಉಳಿಯುವುದು ಬಡ ತಾಯಿಗೆ ಸಣ್ಣ ಮಾತಲ್ಲ.

ಊರಿನವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. 22 ಮತ್ತು 24ರ ಆ ಇಬ್ಬರು ಈ ಹುಡುಗನನ್ನು ಯಾಕೆ ಕರೆದುಕೊಂಡು ಹೋದರು? ಹ್ಯಾಂಡಲ್ ಲಾಕ್ ಮುರಿಯಲು ಅವನನ್ನು ಮುಂದೆ ಬಿಟ್ಟರೇ? ಸಣ್ಣವನಿಗೆ ಏನೂ ಆಗಲ್ಲ ಎಂದು ಹೇಳಿದರೇ? ಮಗುವನ್ನು ಅಪರಾಧಕ್ಕೆ ಬಳಸಿಕೊಂಡವರಿಗೆ ನ್ಯಾಯ ಸಂಹಿತೆಯ 95ನೇ ಕಲಂ ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಶಿಕ್ಷೆ ಇಟ್ಟಿದೆ. ಬಾಲ ನ್ಯಾಯ ಕಾಯ್ದೆಯ 83ನೇ ಕಲಮಿನಲ್ಲೂ 7 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬೈಕಿನ ಮಾಲೀಕರಿಗೆ ಸಿಟ್ಟಿದೆ, ಇರಬೇಕಾದ್ದೇ. ಕಂತು ಕಟ್ಟಿ ತೆಗೆದುಕೊಂಡ ಗಾಡಿ ಅದು. ಆ ಸಿಟ್ಟು ಹುಡುಗನ ವಯಸ್ಸಿನ ಮೇಲೆ ಹೋಗುವ ಬದಲು ಈ ಕಲಂಗಳನ್ನು ಹಾಕಿದ್ದಾರೋ ಇಲ್ಲವೋ ಎಂದು ಠಾಣೆಯಲ್ಲಿ ಕೇಳುವ ಕಡೆ ಹೋಗಲಿ. ಆ ಇಬ್ಬರ ವಿಚಾರಣೆ ಬೇರೆ ಕೋರ್ಟಿನಲ್ಲಿ ನಡೆಯುತ್ತದೆ. ಹುಡುಗನನ್ನು ಅವರ ಜೊತೆ ಸೇರಿಸಿ ವಿಚಾರಣೆ ಮಾಡುವ ಹಾಗಿಲ್ಲ.

ಇನ್ನು ನಿಮ್ಮ ಶಾಲೆಯೊಳಗಿನ ಮಾತು. ಹೆಸರು ಹೊಡೆದು ಹಾಕಿ ಎಂದು ಪೋಷಕರು ಒತ್ತಾಯ ಮಾಡಿದರೆ ಒಪ್ಪಬೇಡಿ. ಹಾಗೆ ಮಾಡಿ ಎಂದು ಯಾವ ಕಾನೂನೂ ಹೇಳಿಲ್ಲ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅವನ ಫೋಟೋ, ಹೆಸರು, ಸುದ್ದಿಯ ತುಣುಕು ಹಾಕಿದ್ದರೆ ಈಗಲೇ ತೆಗೆಸಿ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದನ್ನೂ ಹೊರಗೆ ಹಾಕಬಾರದು. ಹಾಕಿದವರಿಗೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಟಿ.ಸಿ.ಯ ನಡತೆಯ ಕಾಲಮಿನಲ್ಲಿ ಕೇಸಿನ ಮಾತು ಒಂದಕ್ಷರವೂ ಬೇಡ. ಕೇಸು ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕೆಂದು ಪೊಲೀಸರು ಈ ದಾಖಲೆ ಹೊರಗೆ ಕೊಡುವಂತಿಲ್ಲ. ಮುಂದೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿಯಲ್ಲಿ ಅವನು ನೌಕರಿಗೆ ಅರ್ಜಿ ಹಾಕುವ ದಿನ ಬರಬಹುದು. ಅದೇ ಕಾಯ್ದೆಯ 24ನೇ ಕಲಂ ಪ್ರಕಾರ ಬಾಲ್ಯದ ಈ ಕೇಸು ಅವನಿಗೆ ಅನರ್ಹತೆ ತರುವುದಿಲ್ಲ. ಬಾಲ್ಯದಲ್ಲಿ ಕೇಸಿತ್ತು ಎಂದು ನೌಕರಿ ತಪ್ಪಿಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಹೇಳಿದೆ.

ನಾಳೆ ಪೊಲೀಸರು ಬಂದಾಗ ಮೂಲ ರಿಜಿಸ್ಟರನ್ನು ಕೈಗೆ ಕೊಟ್ಟು ಕಳಿಸಬೇಡಿ. ದೃಢೀಕೃತ ಪ್ರತಿ ಕೊಟ್ಟು, ಸ್ವೀಕೃತಿ ಬರೆಸಿಕೊಳ್ಳಿ. ಮಂಡಳಿ ಕರೆದರೆ ಮೂಲವನ್ನು ನೀವೇ ಹಿಡಿದುಕೊಂಡು ಹೋಗಿ, ತೋರಿಸಿ, ವಾಪಸ್ ತನ್ನಿ. ಈ ದಿನಾಂಕ ಯಾರು ಹೇಳಿದ್ದು ಎಂದು ಅಲ್ಲಿ ಕೇಳುತ್ತಾರೆ. ಅವನನ್ನು ಒಂದನೇ ತರಗತಿಗೆ ಸೇರಿಸಿದ ದಿನ ಪೋಷಕರ ಕಾಲಮಿನಲ್ಲಿ ಯಾರದೋ ಹೆಬ್ಬೆಟ್ಟು ಇರುತ್ತದೆ, ನೋಡಿ. ಅವ್ವನದ್ದಾಗಿದ್ದರೆ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.